ಅಂತರಸನಹಳ್ಳಿಯಲ್ಲಿ ನಾನು ಹೇಳಿಬಿಟ್ಟ ಹೆಸರು

ತುಮಕೂರಿಗೆ ಬಂದ ಮೂರನೇ ದಿನ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ಮಸಿ ಇಲ್ಲ, ಕಾಗದ ಇಲ್ಲ. ಅಂತರಸನಹಳ್ಳಿಯ ಕಾರ್ಖಾನೆ ಗೇಟಿನ ಪಕ್ಕ ಗೋಡೆಗೆ ಹೊಡೆದ ಒಂದು ಡಬ್ಬಿ. ಅದರ ಗಾಜಿನ ಮೇಲೆ ಬೆರಳಿಟ್ಟರೆ ಒಳಗಿನಿಂದ ಯಾವಳೋ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಅನ್ನುತ್ತಿದ್ದಳು. ನಮ್ಮ ಕೊತ್ತಗೆರೆಯಲ್ಲಿ ಹೆಬ್ಬೆಟ್ಟು ಒತ್ತುವುದೆಂದರೆ ಓದು ಬಾರದವರ ಪಾಡು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. "ನಂಗೆ ಸೈನ್ ಹಾಕಕ್ಕೆ ಬರ್ತದೆ ಸಾ" ಅಂದೆ. ಗೇಟಿನವನು ನಕ್ಕುಬಿಟ್ಟ. "ಸೈನ್ ಯಾರ್ ಬೇಕಾದ್ರೂ ಹಾಕ್ತಾರೆ ಕಣವ್ವ. ಬೆರಳು ನಿಂದೇ ತಾನೆ, ಮಡಗು" ಅಂದ. ಮಡಗಿದೆ. ಆ ಬೆರಳಿನ ಗುರುತು ಎಲ್ಲಿಗೆ ಹೋಯಿತು, ಯಾರ ಹತ್ತಿರ ಇದೆ ಎಂದು ಇವತ್ತಿನವರೆಗೂ ಯಾರೂ ನನಗೆ ಹೇಳಿಲ್ಲ.

ಕೊತ್ತಗೆರೆಯಿಂದ ಕುಣಿಗಲ್ಲಿಗೆ ಒಂದು ಬಸ್ಸು, ಕುಣಿಗಲ್ಲಿನಿಂದ ತುಮಕೂರಿಗೆ ಇನ್ನೊಂದು. ಇದನ್ನೂ ವಲಸೆ ಅಂತ ಬರೆಯುತ್ತಾಳಲ್ಲ ಎಂದು ದುಬೈ ಕಂಡವರು ನಗಬಹುದು. ನಗಲಿ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು, ನನಗೆ ಇಪ್ಪತ್ತೆರಡು. ಅಣ್ಣನಿಗೆ ಮದುವೆಯಾಗಿ ಮನೆಯಲ್ಲಿ ನಾನೊಂದು ಹೆಚ್ಚಿನ ತಟ್ಟೆಯಾಗಿದ್ದೆ. ಬಟ್ಟೆಯ ಚೀಲ ಹಿಡಿದು ಹೊರಟುಬಂದೆ.

ಊರಿನಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ನಮ್ಮ ಮನೆಯ ಸಾರಿಗೆ ಒಗ್ಗರಣೆ ಬಿದ್ದರೆ ಮೂರನೇ ಮನೆಯ ಕೆಂಪಮ್ಮಜ್ಜಿ ಯಾವ ಕಾಳು ಅಂತ ಹೇಳಿಬಿಡುತ್ತಿದ್ದಳು. ಆದರೆ ಅವಳ ಮನೆಯ ಸಾರೂ ನಮಗೆ ಗೊತ್ತಿತ್ತು. ತೀರಾ ಮೂಗು ತೂರಿಸಿದರೆ ಅವಳ ಮೊಮ್ಮಗನ ಸುದ್ದಿ ಎತ್ತಿ ಬಾಯಿ ಮುಚ್ಚಿಸಬಹುದಿತ್ತು. ತುಮಕೂರಿನಲ್ಲಿ ಪಕ್ಕದ ಮನೆಯವರು ಆರು ತಿಂಗಳಾದರೂ ನನ್ನ ಹೆಸರು ಕೇಳಲಿಲ್ಲ. ಎಂಥಾ ಸುಖ ಅಂದುಕೊಂಡಿದ್ದೆ, ಪೆದ್ದಿ ನಾನು.

ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ನನ್ನ ಜೊತೆ ಇದ್ದವಳು ಪುಟ್ಟಲಕ್ಷ್ಮಕ್ಕ. ಗುಬ್ಬಿ ಹತ್ತಿರದ ಹಳ್ಳಿಯವಳು, ನನಗಿಂತ ಎಂಟು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡ ಮೇಲೆ ಮನೆ ಹೊತ್ತವಳು, ತನ್ನ ಮದುವೆಯ ಮಾತು ಬಿಟ್ಟೇಬಿಟ್ಟಿದ್ದಳು. ಊರಲ್ಲಿ ಅವ್ವ ಮತ್ತು ತಂಗಿ. ತಂಗಿಗೊಂದು ಒಳ್ಳೇ ಗಂಡು ಸಿಕ್ಕಿಬಿಟ್ಟರೆ ಸಾಕು ಅನ್ನುವುದೊಂದೇ ಅವಳ ಹರಕೆ. ಬೋರಿನ ಗಡಸು ನೀರಿನಲ್ಲಿ ಗಂಟಾಗದಂತೆ ಮುದ್ದೆ ತಿರುವುವುದನ್ನು ನನಗೆ ಕಲಿಸಿದವಳು ಅವಳೇ. ನನ್ನ ಮೊದಲ ಮುದ್ದೆ ಸರಿಯಾಗಿ ಬಂದ ದಿನ ಅದನ್ನು ತಟ್ಟೆಯಲ್ಲಿಟ್ಟು ಓನರ್ ಹೆಂಗಸಿಗೆ ತೋರಿಸಿ ಬಂದಿದ್ದಳು. ಅಕ್ಕ ಅನ್ನುವ ಮಾತನ್ನು ನಾನು ಮನಸಿಟ್ಟು ಅಂದದ್ದು ಅವಳಿಗೆ ಮಾತ್ರ.

ನಮ್ಮದು ಗಾಡಿಗಳಿಗೆ ಬೇಕಾದ ವೈರು ಜೋಡಿಸುವ ಕಾರ್ಖಾನೆ. ಹೆಂಗಸರು ಸೀರೆಯಲ್ಲಿ ಬಂದು ಒಂದು ಕೋಣೆಯಲ್ಲಿ ಯೂನಿಫಾರಂ ಹಾಕಿಕೊಂಡು ಕೆಲಸಕ್ಕೆ ಕೂರಬೇಕು. ಒಂದು ಸೋಮವಾರ ಬಂದು ನೋಡಿದರೆ ಆ ಕೋಣೆಯ ಮೂಲೆಯಲ್ಲಿ ಕ್ಯಾಮೆರಾ. ತಾಮ್ರದ ತಂತಿ ಕಳುವಾಗುತ್ತಿದೆ, ಅದಕ್ಕೆ ಅಂದರು. ಬಾಗಿಲನ್ನು ಮಾತ್ರ ನೋಡುತ್ತದೆ, ಬೇರೇನೂ ಕಾಣುವುದಿಲ್ಲ ಅಂದರು. ರಜೆ ಚೀಟಿ ಕೊಡಲು ಟೈಮ್ ಆಫೀಸಿಗೆ, ಅಂದರೆ ನಮ್ಮ ಹಾಜರಿ ನೋಡುವ ಕೋಣೆಗೆ ಹೋದ ಪುಟ್ಟಲಕ್ಷ್ಮಕ್ಕ ವಾಪಸ್ಸು ಬಂದವಳೇ ನನ್ನನ್ನು ಬಾಗಿಲ ಹೊರಗೆ ಎಳೆದುಕೊಂಡು ಹೋದಳು. ಅಲ್ಲಿ ಟೀವಿಯಲ್ಲಿ ನಮ್ಮ ಕೋಣೆ ಪೂರ್ತಿ ಕಾಣುತ್ತಿತ್ತಂತೆ, ಮೂರು ಜನ ಗಂಡಸರು ಅದರ ಮುಂದೆ ಟೀ ಕುಡಿಯುತ್ತಿದ್ದರಂತೆ. ಅವತ್ತಿನಿಂದ ನಾವು ಒಬ್ಬರಿಗೊಬ್ಬರು ಸೀರೆ ಅಡ್ಡ ಹಿಡಿದು ಬಟ್ಟೆ ಬದಲಿಸತೊಡಗಿದೆವು. ಊರಿನಲ್ಲಿ ಕೆರೆಯಲ್ಲಿ ಮೀಯುವಾಗಲೂ ಇಷ್ಟು ಅಂಜಿರಲಿಲ್ಲ, ಗಂಡಸರು ಆ ಕಡೆ ತಲೆ ಹಾಕುತ್ತಿರಲಿಲ್ಲ.

ಹೆಸರು ಹಾಕದೆ ಸರ್ಕಾರಕ್ಕೆ ಬರೆಯೋಣ ಅಂದವಳು ಪುಟ್ಟಲಕ್ಷ್ಮಕ್ಕ. ಭಾನುವಾರ ಇಬ್ಬರೂ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿಗೆ ಹೋದೆವು. ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರು ಬಾಡಿಗೆಗೆ ಕೊಡುವ ಅಂಗಡಿ ಅದು. ಬಾಗಿಲಲ್ಲೇ ರಿಜಿಸ್ಟರು: ಹೆಸರು, ವಿಳಾಸ, ಬಂದ ಹೊತ್ತು. ಪೊಲೀಸರ ಆರ್ಡರು ಎಂದ ಯಜಮಾನ. ಪೊಲೀಸು ಅಂದ ಮೇಲೆ ಸುಳ್ಳು ಬರೆಯುವುದೆಂತು? ಇಬ್ಬರೂ ಅಚ್ಚುಕಟ್ಟಾಗಿ ನಿಜ ಬರೆದೆವು. ಅವನೇ ಇಮೇಲ್ ತೆರೆದುಕೊಟ್ಟ. "ಪಾಸ್‌ವರ್ಡ್ ಒಂದ್ ಹೇಳ್ರಮ್ಮ. ಮರೀದೆ ಇರೋಂಥದ್ದು. ಇಲ್ಲಿ ಬರೋರೆಲ್ಲ ಮನೆದೇವ್ರ ಹೆಸ್ರೇ ಹಾಕ್ಸೋದು" ಎಂದ. ಪುಟ್ಟಲಕ್ಷ್ಮಕ್ಕ ಕೈಮುಗಿದು, "ನಮ್ದು ಕೊಲ್ಲಾಪುರದಮ್ಮ" ಅಂದಳು. ಆಮೇಲೆ ದೂರು ಬರೆಸಿದೆವು. ವಾರ ಬಿಟ್ಟು ಕಾರ್ಮಿಕ ಇಲಾಖೆಯಿಂದ ಉತ್ತರ ಬಂತು, ಎಷ್ಟು ಜನರ ದೂರಿದು ಅಂತ. ನಾವಿಬ್ಬರೂ ಸೇರಿ ಒಂಬತ್ತು ಹೆಂಗಸರ ಹೆಸರನ್ನು ಟೈಪ್ ಮಾಡಿಸಿ ಅದೇ ಇಮೇಲಿನಲ್ಲಿಟ್ಟೆವು, ಇನ್ನೂ ಕಳಿಸಿರಲಿಲ್ಲ. ಇಲಾಖೆಯ ಸಾಹೇಬರನ್ನು ಒಮ್ಮೆ ಕಂಡು ಆಮೇಲೆ ಕಳಿಸೋಣ ಅಂದುಕೊಂಡಿದ್ದೆವು.

ಅಷ್ಟರಲ್ಲಿ ಇಲಾಖೆಯವರು ನಮ್ಮ ದೂರನ್ನು ಇಮೇಲ್ ವಿಳಾಸದ ಸಮೇತ ಕಾರ್ಖಾನೆಗೇ ಕಳಿಸಿ ವಿವರಣೆ ಕೇಳಿದ್ದರು. ಕುರಿ ಕಾಯಲು ತೋಳನನ್ನೇ ಬಿಟ್ಟರು. ಟೈಮ್ ಆಫೀಸಿನ ನಂಜುಂಡಯ್ಯ ಊರಿನ ಸೈಬರ್ ಸೆಂಟರುಗಳನ್ನು ಒಂದೊಂದಾಗಿ ಸುತ್ತಿ, ಪೊಲೀಸರಿಗೆಂದು ಇಟ್ಟ ರಿಜಿಸ್ಟರಿನಲ್ಲಿ ನಮ್ಮಿಬ್ಬರ ಹೆಸರು ಓದಿಕೊಂಡು, ಪಾಸ್‌ವರ್ಡಿನ ಬಗ್ಗೆ ಯಜಮಾನನನ್ನೂ ಮಾತಿಗೆಳೆದು ಬಂದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅವತ್ತು ನನಗೆ ಗೊತ್ತಿದ್ದ ನಂಜುಂಡಯ್ಯ ಕುಣಿಗಲ್ ಕಡೆಯವರು, ಮಾತಿಗೆ ಮುಂಚೆ 'ತಾಯಿ' ಅನ್ನುವವರು, ಇಡೀ ಕಾರ್ಖಾನೆಯಲ್ಲಿ ನನ್ನನ್ನು ಯಾರ ಮನೆಯವಳು ಅಂತ ಕೇಳಿದ್ದ ಒಬ್ಬರೇ ಒಬ್ಬರು.

ಊಟದ ಹೊತ್ತಿಗೆ ನನ್ನನ್ನು ಕರೆದರು. "ತಾಯಿ ಸಾವಿತ್ರಿ, ನಿನ್ ರೂಮಿನ ಪುಟ್ಟಲಕ್ಷ್ಮಿಗೊಬ್ಬಳು ತಂಗಿ ಅವ್ಳಂತಲ್ಲ? ನಮ್ ಕಡೆ ಒಂದ್ ಹುಡುಗ ಅವ್ನೆ, ಕೆಲ್ಸದಲ್ಲವ್ನೆ. ಅವ್ರ ಮನೆದೇವ್ರು ಯಾವುದು? ಒಂದೇ ಆಗ್ಬುಟ್ರೆ ಅಣ್ತಮ್ಮಂದ್ರಾಗೋಯ್ತೀವಿ, ಮಾತೇ ಎತ್ತಂಗಿಲ್ಲ."

ನಮ್ಮ ಕಡೆ ಸಂಬಂಧ ನೋಡುವವರು ಕೇಳುವ ಮೊದಲ ಮಾತೇ ಅದು. ಮನೆದೇವರು ಒಂದೇ ಆದರೆ ಒಂದೇ ಬಳ್ಳಿಯವರು, ಹೆಣ್ಣು ಕೊಟ್ಟು ತರುವ ಹಾಗಿಲ್ಲ. "ಕೊಲ್ಲಾಪುರದಮ್ಮ ಸಾ" ಅಂದೆ, ಖುಷಿಯಲ್ಲಿ. ಅದೇ ಹೆಸರು ಬೀಗದ ಕೈಯೂ ಹೌದು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮನೆದೇವರ ಹೆಸರು ಗುಟ್ಟು ಹೇಗಾದೀತು? ನಂಜುಂಡಯ್ಯ ಕೆನ್ನೆ ಮುಟ್ಟಿಕೊಂಡು, "ನಮ್ದು ಬೇರೆ. ಹಂಗಾರೆ ಕೂಡ್ಬರ್ತದೆ ಬುಡು" ಅಂದರು. ಸಂಜೆ ಪುಟ್ಟಲಕ್ಷ್ಮಕ್ಕನಿಗೆ ನಾನೇ ಓಡಿಹೋಗಿ ಹೇಳಿದೆ. ಅವಳು ಅವತ್ತೇ ಬೂತಿನಿಂದ ಊರಿನ ಅಂಗಡಿಗೆ ಫೋನ್ ಮಾಡಿ, ಅವ್ವನನ್ನು ಅಲ್ಲಿಗೆ ಕರೆಸಿ ಸುದ್ದಿ ಹೇಳಿದಳು.

ಮಾರನೇ ದಿನ ಇಬ್ಬರನ್ನೂ ಮ್ಯಾನೇಜರ ಕೋಣೆಗೆ ಕರೆಸಿದರು. ನಂಜುಂಡಯ್ಯ ನಮ್ಮೆದುರೇ ಒಂದೊಂದೇ ಅಕ್ಷರ ಒತ್ತಿ ನಮ್ಮ ಇಮೇಲ್ ತೆರೆದರು. ಒಂಬತ್ತು ಹೆಸರುಗಳೂ ಅಲ್ಲಿ ಸಾಲಾಗಿ ಕೂತಿದ್ದವು. ಪುಟ್ಟಲಕ್ಷ್ಮಕ್ಕ ದಂಗಾಗಿ, "ನಿಮ್ಗೆ ಎಂಗೊತ್ತಾಯ್ತು?" ಅಂದಳು.

"ಸಾವಿತ್ರಿ ಹೇಳುದ್ಲಲ್ಲ ತಾಯಿ, ನಿಮ್ ಮನೆದೇವ್ರು ಯಾವುದು ಅಂತ" ಅಂದರು ಅವರು. ಬೈಗುಳವಿಲ್ಲ, ಗದರಿಕೆಯಿಲ್ಲ, ಯೋಗಕ್ಷೇಮ ಕೇಳುವ ದನಿ. ಆ ದನಿಯನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಒಂಬತ್ತು ಜನರನ್ನೂ ತೆಗೆಯುತ್ತೇವೆ, ಇಲ್ಲವೇ ಒಬ್ಬರು ರಾಜೀನಾಮೆ ಕೊಡಿ, ಉಳಿದವರು ತಪ್ಪೊಪ್ಪಿಗೆ ಬರೆಯಿರಿ ಎಂದರು ಮ್ಯಾನೇಜರು. ಪುಟ್ಟಲಕ್ಷ್ಮಕ್ಕ ನನ್ನ ಕಡೆ ನೋಡಲೇ ಇಲ್ಲ. "ಎಲ್ಲಾ ನಾನೇ ಮಾಡ್ಸಿದ್ದು, ಅವ್ರ್ ಪಾಡಿಗ್ ಅವ್ರುನ್ ಬುಟ್ಬುಡಿ" ಎಂದು ಕಾಗದ ತೆಗೆದುಕೊಂಡಳು. ನಾನು ತಪ್ಪೊಪ್ಪಿಗೆ ಬರೆದು, ಕೆಳಗೆ ನನ್ನ ಉದ್ದನೆಯ ಸಹಿ ಹಾಕಿದೆ.

ಸಂಜೆ ಅವಳು ಬಟ್ಟೆ ತುಂಬಿಕೊಳ್ಳುವಾಗ ನಾನು ಗೋಡೆಗೊರಗಿ ಅಳುತ್ತಾ ನಿಂತಿದ್ದೆ. ಬಯ್ಯುತ್ತಾಳೆ, ಒಂದೇಟು ಹೊಡೆಯುತ್ತಾಳೆ ಅಂತ ಕಾದೆ. ಅವಳು ಚೀಲದ ಬಾಯಿ ಕಟ್ಟಿ ಮೆತ್ತಗೆ ಕೇಳಿದಳು: "ಆ ಗಂಡಿನ ವಿಷ್ಯ ಅಂದ್ರಲ್ಲ ಸಾವಿತ್ರಿ, ಅದೂ ಸುಳ್ಳೇನೆ?"

ನಾನು ಅವಳ ಚೀಲ ಎತ್ತಿಕೊಂಡು ಬಾಗಿಲ ಕಡೆ ತಿರುಗಿದೆ.

"ಅವ್ವಂಗೆ ಹೇಳ್ಬುಟ್ಟಿದೀನಿ ಕಣೆ. ಮನೆಗೆ ಸುಣ್ಣ ಹೊಡ್ಸಕ್ಕೆ ಕೂತವ್ಳೆ."

ಅದಾಗಿ ನಾಲ್ಕು ವರ್ಷ. ಆ ಕ್ಯಾಮೆರಾ ಅಲ್ಲೇ ಇದೆ, ಜೊತೆಗೆ ಇನ್ನೆರಡು ಬಂದಿವೆ. ಹೊಸದಾಗಿ ಸೇರುವ ಹುಡುಗಿಯರಿಗೆ ಸೀರೆ ಅಡ್ಡ ಹಿಡಿಯುವುದನ್ನು ಕಲಿಸುವವಳು ನಾನು. ಕೈಯಲ್ಲಿ ಮೊಬೈಲಿದೆ. ಸಿಮ್ಮಿಗೆಂದು ಕೊಟ್ಟ ನನ್ನ ಫೋಟೋ, ವೋಟರ್ ಕಾರ್ಡಿನ ಜೆರಾಕ್ಸ್ ಯಾವ ಬೀರುವಿನಲ್ಲಿವೆಯೋ, ಗುರುತಿಲ್ಲದವರು ಫೋನ್ ಮಾಡಿ ಸಾವಿತ್ರಿ ಮೇಡಂ ಅನ್ನುತ್ತಾರೆ. ನನ್ನ ಪಾಸ್‌ವರ್ಡಿಗೆ ಈಗ ಅರ್ಥವೇ ಇಲ್ಲ, ಬರೀ ಅಕ್ಷರ, ಬರೀ ಅಂಕಿ. ಬುದ್ಧಿ ಬಂದಿದೆ, ಯಾರ ಖರ್ಚಿನಲ್ಲಿ ಬಂತು ಅನ್ನುವುದು ನನಗೆ ಗೊತ್ತು.

ಕೊತ್ತಗೆರೆಗೆ ಹೋದರೆ ಅವ್ವ ಕೇಳಿದ್ದಕ್ಕೆಲ್ಲ ಹೂಂ, ಉಹೂಂ ಅನ್ನುತ್ತೇನೆ. ಕೆಂಪಮ್ಮಜ್ಜಿ, "ಏನ್ಲೇ, ತುಮಕೂರ್ ನೀರ್ ಕುಡ್ದು ಮಾತೇ ಮರ್ತೋಯ್ತಾ?" ಅಂದಳು. ಸಿಟ್ಟು ಬಂದು ಎದ್ದು ಬಂದುಬಿಟ್ಟೆ. ಪಾಪ, ಅವಳು ಕೇಳಿದ್ದು ಪ್ರೀತಿಯಿಂದಲೇ ಇರಬೇಕು. ಈಗ ಅದನ್ನು ತೂಗಿ ನೋಡುವುದು ನನ್ನಿಂದಾಗುವುದಿಲ್ಲ. ತುಮಕೂರಿನಲ್ಲೋ, ನನ್ನನ್ನು ಏನೂ ಕೇಳದವರಿಗೆ ನನ್ನ ಬಗ್ಗೆ ಎಲ್ಲವೂ ಗೊತ್ತು. ಎರಡು ಊರಿನಲ್ಲೂ ಬಾಯಿ ಬಿಗಿಹಿಡಿದು ಬದುಕುತ್ತಿದ್ದೇನೆ.

ಪುಟ್ಟಲಕ್ಷ್ಮಕ್ಕನ ತಂಗಿಗೆ ಮದುವೆಯಾಯಿತೋ ಇಲ್ಲವೋ ತಿಳಿಯದು. ಕೇಳೋಣವೆಂದು ಎರಡು ಸಲ ಗುಬ್ಬಿ ಬಸ್ಸು ಹತ್ತಿದ್ದೇನೆ. ಎರಡು ಸಲವೂ ದಾರಿ ಮಧ್ಯದ ಹೆಗ್ಗೆರೆಯಲ್ಲೇ ಇಳಿದು, ರಸ್ತೆ ದಾಟಿ, ವಾಪಸ್ಸು ಬರುವ ಬಸ್ಸಿಗೆ ಕಾದು ನಿಂತಿದ್ದೇನೆ.