ಕಂಪನಿ ಕಂಪ್ಯೂಟರಿಗೆ ಹೇಳಿದ ಸುಳ್ಳು

ನನ್ನ ನಾದಿನಿ ಸಾಧು ಸ್ವಭಾವದವಳು ಎಂದು ನಾನು ಯಾರ ಮುಂದೆಯೂ ಹೇಳಿಲ್ಲ. ಅವಳಿಗೆ ಎಂಜಿನ್ ಕಟ್ಟುವುದು ಗೊತ್ತು, ಸೇಡು ಇಟ್ಟುಕೊಳ್ಳುವುದು ಗೊತ್ತು, ಎರಡನ್ನೂ ಅವಸರವಿಲ್ಲದೆ ಮಾಡುತ್ತಾಳೆ. ನಾನು ಅವಳ ಅಣ್ಣನ ಹೆಂಡತಿ. ಆದರೂ ಈ ವಿಷಯದಲ್ಲಿ ನಾನು ಅವಳ ಪರ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಜನರ ಮುಂದೆ ಗಂಡನನ್ನು ಬಹುವಚನದಲ್ಲೇ ಕರೆಯುವವಳು ಇಲ್ಲಿ ಏಕವಚನಕ್ಕೆ ಇಳಿದಿದ್ದೇನೆ. ಕೋಪ ಇನ್ನೂ ಆರಿಲ್ಲ.

ನಮ್ಮದು ಕೆಳಗೆ ಶೆಡ್ಡು, ಮೇಲೆ ಮನೆ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ನಾನು ಕಾರಿನ ಸೀಟು ಕವರ್ ಹೊಲಿಯುತ್ತೇನೆ. ಕೆಳಗೆ ಎಂಜಿನ್ ಚಾಲು ಮಾಡಿದರೆ ನನ್ನ ಮೇಜಿನ ಮೇಲಿನ ಕತ್ತರಿ ತಾನಾಗಿ ಸರಿಯುತ್ತಾ ಅಂಚಿಗೆ ಬರುತ್ತದೆ. ಶೆಡ್ಡು ಮಾವ ಕಟ್ಟಿದ್ದು. ಮಗ, ಮಗಳು ಇಬ್ಬರಿಗೂ ಅವರು ಕೆಲಸ ಕಲಿಸಿದರು. ಮಗನಿಗೆ ಬಾಯಿ ಬಂತು, ಮಗಳಿಗೆ ಕೈ ಬಂತು. ಗಿರಾಕಿಗಳನ್ನು ನಗಿಸಿ ಕೂರಿಸುವುದರಲ್ಲಿ ನನ್ನ ಗಂಡನನ್ನು ಮೀರಿಸುವವರಿಲ್ಲ. ಒಳಗೆ ಸಿಲಿಂಡರ್ ಕೊರೆದು, ಪಿಸ್ಟನ್ ತೂಗಿ, ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೂ ಕಿವಿಗೂ ಆನಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದವಳು ನಾದಿನಿ. ಮದುವೆ ಯಾವಾಗ ಎಂದು ನೆಂಟರು ಕೇಳಿದರೆ, "ಎಂಜಿನ್ ಹೆಡ್ ಬಿಗಿ ಮಾಡ್ತಾ ಇದೀನಿ, ಆಮೇಲೆ ಮಾತಾಡೋಣ" ಅನ್ನುತ್ತಿದ್ದಳು. ಆ ಹೆಡ್ಡು ಯಾವತ್ತೂ ಬಿಗಿಯಾಗಿ ಮುಗಿಯುತ್ತಿರಲಿಲ್ಲ.

ಊರಾಚೆಯ ಗುಡ್ಡದ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಕಾರಿನ ಪಂದ್ಯ ನಡೆಯುತ್ತದೆ. ಅದರಲ್ಲಿ ಒಂದು ವಿಭಾಗದ ನಿಯಮ ವಿಚಿತ್ರ. ಎಂಜಿನ್ ನಿಮ್ಮಿಷ್ಟ, ಹೇಗೆ ಬೇಕಾದರೂ ಕಟ್ಟಿಕೊಳ್ಳಿ. ಅದನ್ನು ನಡೆಸುವ ಕಂಪ್ಯೂಟರ್ ಮಾತ್ರ ಕಂಪನಿಯಿಂದ ಕಾರಿನ ಜೊತೆ ಬಂದದ್ದೇ ಇರಬೇಕು, ಅದರ ಸೀಲ್ ಒಡೆದಿರಬಾರದು. ಆ ವಿಭಾಗಕ್ಕೆಂದೇ ನಾದಿನಿ ಒಂದು ವರ್ಷ ಕೂತು ಒಂದು ಎಂಜಿನ್ ಕಟ್ಟಿದಳು. ಮಾವನಿಗೆ ಆಗ ನಿಲ್ಲಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತೇ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ, ಕಿಡಿ ಯಾವ ಕ್ಷಣಕ್ಕೆ ಹತ್ತಬೇಕು ಎಂದು ಹೊಂದಿಸಿ, ಉಳಿಯಿಂದ ಅದರ ಬುಡದಲ್ಲಿ ಒಂದು ಗೆರೆ ಹೊಡೆದರು. ಅದು ಅವರ ಪದ್ಧತಿ. ಯಾರು ಏನು ಬದಲಾಯಿಸಿದರೂ ಆ ಗೆರೆಯನ್ನು ಮಾತ್ರ ಮುಟ್ಟುವಂತಿರಲಿಲ್ಲ. ಅದೇ ಅವರು ಮಾಡಿದ ಕೊನೆಯ ಕೆಲಸವೂ ಆಯಿತು.

ಎಂಜಿನ್ ಗೆದ್ದಿತು. ಓಡಿಸಿದ್ದು ನನ್ನ ಗಂಡ. ಬಹುಮಾನ ಕೊಡುವಾಗ, ಇದನ್ನು ಕಟ್ಟಿದವರು ಯಾರು ಎಂದು ಕೇಳಿದರು. ನನ್ನ ಗಂಡ ಎದೆಯುಬ್ಬಿಸಿ, "ನಾನೇ. ನನ್ನ ತಂಗಿನೂ ಇದಾಳೆ, ಸ್ಪ್ಯಾನರ್ ಒರೆಸಿಕೊಡ್ತಾಳೆ" ಅಂದ. ಜನ ನಕ್ಕರು. ನಾದಿನಿ ಅಲ್ಲೇ ಕೆಳಗೆ, ಕೈಯಲ್ಲಿ ಎಣ್ಣೆ ಬಟ್ಟೆ ಹಿಡಿದುಕೊಂಡು ನಿಂತಿದ್ದಳು. ಆ ನಗು ಕೇಳಿ ನನಗೇ ಮೈಯೆಲ್ಲ ಉರಿದುಹೋಯಿತು, ಅವಳಿಗೆ ಏನಾಗಿರಬೇಡ.

ಮನೆಗೆ ಬಂದ ಮೇಲೆ ಅವಳು ಕೂಗಾಡಲಿಲ್ಲ. "ಅಣ್ಣಾ, ಕಟ್ಟಿದ್ದು ನಾನು ಅಂತ ನಾಳೆ ಅವರಿಗೆಲ್ಲ ಹೇಳು" ಅಂದಳು.

"ಅಯ್ಯೋ, ಮನೆ ಮಾತಿಗೆ ಯಾಕೆ ಇಷ್ಟು ರಂಪ? ಹೆಂಗಸು ಕಟ್ಟಿದ ಎಂಜಿನ್ ಅಂದ್ರೆ ನಾಳೆ ಒಬ್ಬ ಗಿರಾಕಿನಾದ್ರೂ ಬರ್ತಾನಾ?"

"ನೀನಾಗಿ ಹೇಳಲ್ಲ ಅಂದ್ರೆ ನಾನು ಹೇಳಿಸ್ತೀನಿ."

ಮರುದಿನ ತನ್ನ ಸಾಮಾನು ತುಂಬಿಕೊಂಡು ಹೊರಟಳು. ಎಂಜಿನ್ ಕೇಳಿದಳು. ಶೆಡ್ಡಿನಲ್ಲಿ ಕಟ್ಟಿದ್ದು ಶೆಡ್ಡಿನದೇ ಎಂದು ಇವನು ಬಾಗಿಲಿಗೆ ಅಡ್ಡ ನಿಂತ. ಅವಳು ಅದರ ಮೇಲೆ ಒಂದು ಸಲ ಕೈಯಾಡಿಸಿ ಹೋದಳು. ನಾನು ಮಹಡಿ ಮೆಟ್ಟಿಲಲ್ಲಿ ನಿಂತು ಗಂಡನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಟೈರ್ ಅಂಗಡಿಯ ಹಿಂದಿನ ತಗಡಿನ ಕೋಣೆಯಲ್ಲಿ ಅವಳು ಹೊಸದಾಗಿ ಶುರು ಮಾಡಿದಳು. ಸೀಟು ಕವರ್ ಕೊಟ್ಟು ಬರುವ ನೆಪದಲ್ಲಿ ನಾನು ಊಟ ಕಟ್ಟಿಕೊಂಡು ಹೋಗುತ್ತಿದ್ದೆ. ಅವಳು ನಿಂತೇ ಉಣ್ಣುತ್ತಿದ್ದಳು. ಅದೇ ಜಾತಿಯ ಹಳೆಯ ಕಾರಿಗೆ ಈ ಸಲ ಇನ್ನೂ ದೊಡ್ಡ ಎಂಜಿನ್ ಕಟ್ಟಿದ್ದಳು. ಆದರೆ ಅದು ಕಂಪ್ಯೂಟರಿನ ಜೊತೆ ಹೊಂದಿಕೊಳ್ಳದೆ ಕೆಮ್ಮುತ್ತಿತ್ತು, ಏದುಸಿರು ಬಿಡುತ್ತಿತ್ತು, ಸುಮ್ಮನೆ ನಿಂತಲ್ಲೇ ಆರಿಹೋಗುತ್ತಿತ್ತು.

"ಅದಕ್ಕೆ ಪಾಪ ಏನು ಗೊತ್ತು ಅತ್ತಿಗೆ? ಕಂಪನಿ ಕೂರಿಸಿದ ಸಣ್ಣ ಎಂಜಿನ್ನೇ ಇನ್ನೂ ಮುಂದಿದೆ ಅಂದ್ಕೊಂಡಿದೆ. ಬಾಯಿ ಬಿಟ್ಟು ನಿಜ ಹೇಳೋ ಹಾಗಿಲ್ಲ, ಸೀಲ್ ಇದೆ. ಅದಕ್ಕೇ ಸುಳ್ಳು ಹೇಳ್ತೀನಿ."

ಸುಳ್ಳು ಏನೆಂದರೆ ಇಷ್ಟು. ಎಂಜಿನ್ ಒಳಗೆ ಹೋಗುವ ಗಾಳಿಯನ್ನು ಅಳೆಯಲು ಪೈಪಿನಲ್ಲಿ ಒಂದು ಮೀಟರ್ ಇರುತ್ತದೆ. ಆ ಲೆಕ್ಕ ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲ್ ಬಿಡಿಸುತ್ತದೆ. ಇವಳು ಮೀಟರ್ ಕೂರುವ ಪೈಪನ್ನೇ ಅಗಲ ಮಾಡಿದಳು. ಆಗ ಬರುವ ಗಾಳಿಯೆಲ್ಲ ಮೀಟರಿಗೆ ಕಡಿಮೆಯಾಗಿ ಕಾಣುತ್ತದೆ, ಕಂಪ್ಯೂಟರ್ ಕಡಿಮೆ ಪೆಟ್ರೋಲಿಗೆ ಹೇಳುತ್ತದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಅಷ್ಟೇ ಪಾಲು ದೊಡ್ಡದು ಹಾಕಿದರೆ ಎಲ್ಲ ಸರಿಹೋಗುತ್ತದೆ.

"ಅಂದ್ರೆ ಅಳತೆ ಟೇಪನ್ನೇ ಎಳೆದು ಹಿಗ್ಗಿಸಿದ ಹಾಗೆ" ಅಂದೆ.

"ಅದೇ. ಆದ್ರೆ ಒಂದು ಮಾತಿದೆ. ಕಿಡಿ ಯಾವಾಗ ಹಚ್ಚಬೇಕು ಅಂತ ನೋಡೋದೂ ಅದೇ ಗಾಳಿ ಲೆಕ್ಕದಿಂದ. ಎಂಜಿನ್‌ಗೆ ಭಾರನೇ ಇಲ್ಲ ಅಂದ್ಕೊಂಡು ಕಿಡಿನ ಬೇಗ ಹಚ್ಚಿಬಿಡುತ್ತೆ. ಏರಿನಲ್ಲಿ ಹಾಗಾದ್ರೆ ಮೇಲೆ ಬರ್ತಿರೋ ಪಿಸ್ಟನ್ ತಲೆ ಮೇಲೆ ಸುತ್ತಿಗೆ ಏಟು ಬಿದ್ದ ಹಾಗೆ. ಅದಕ್ಕೆ ಕಿಡಿ ತಡವಾಗೋ ಹಾಗೆ ಡಿಸ್ಟ್ರಿಬ್ಯೂಟರ್ ಹಿಂದಕ್ಕೆ ತಿರುಗಿಸಿದೀನಿ."

"ಮಾವ ಇದ್ದಿದ್ರೆ ಬೈತಿದ್ರು."

"ಅಪ್ಪ ಗೆರೆ ಹೊಡೆಯೋವಾಗ ಈ ಪೈಪ್ ಇರ್ಲಿಲ್ಲ. ಇದ್ದಿದ್ರೆ ಅವರೇ ತಿರುಗಿಸ್ತಿದ್ರು."

ಪಂದ್ಯಕ್ಕೆ ಮುಂಚೆ ಗುಡ್ಡದಲ್ಲಿ ಎಲ್ಲರೂ ಕಾರು ಓಡಿಸಿ ನೋಡುವ ದಿನ ಒಂದಿರುತ್ತದೆ. ಮರುವರ್ಷ ಆ ದಿನ ಅವಳ ಕಾರು ನನ್ನ ಗಂಡನ ಕಾರನ್ನು ಹಿಂದಿಕ್ಕಿತು. ಇಳಿದು ಬಂದವಳು ಬಾನೆಟ್ಟನ್ನು ಪೂರ್ತಿ ಎತ್ತಿಟ್ಟು ನೀರು ಕುಡಿಯಲು ಹೋದಳು. ಎಂಜಿನ್ ತೆರೆದಿಟ್ಟು ಎರಡು ಹೆಜ್ಜೆ ಆಚೆ ಹೋಗುವವಳಲ್ಲ ಅವಳು. ನಾನು ಹತ್ತಿರ ಹೋಗಿ ನೋಡಿದೆ. ಅಗಲ ಮಾಡಿದ ಪೈಪು ಎಲ್ಲರಿಗೂ ಕಾಣುವಂತೆ ಥಳಥಳಿಸುತ್ತಿತ್ತು. ಡಿಸ್ಟ್ರಿಬ್ಯೂಟರಿನ ಮೇಲೆ ಮಾತ್ರ ಎಣ್ಣೆ ಬಟ್ಟೆಯೊಂದು ಬಿದ್ದಿತ್ತು, ಯಾರೋ ಮರೆತು ಬಿಟ್ಟುಹೋದಂತೆ.

ನನ್ನ ಗಂಡ ಬಂದ, ಬಗ್ಗಿದ, ಗೇಣು ಹಾಕಿ ಪೈಪಿನ ಅಗಲ ನೋಡಿದ. ಅವನು ಚಿಕ್ಕಂದಿನಿಂದಲೂ ಹಾಗೇ. ನೋಡಿ ಮಾಡುತ್ತಾನೆ, ಕೇಳುವುದಿಲ್ಲ. ಕೇಳಿದರೆ ಎಲ್ಲಿ ಸಣ್ಣವನಾಗುತ್ತೇನೋ ಎಂಬ ಭಯ.

ಆ ವಾರವೆಲ್ಲ ಕೆಳಗೆ ತಗಡು ಕೊಯ್ಯುವ ಸದ್ದು. ನಾದಿನಿ ಬಿಟ್ಟುಹೋಗಿದ್ದ ಎಂಜಿನ್ನಿಗೇ ಅವನು ಅದೇ ಅಗಲದ ಪೈಪು, ದೊಡ್ಡ ಇಂಜೆಕ್ಟರು ಹಾಕಿದ. ಬೀದಿಯ ಸಮತಟ್ಟಿನಲ್ಲಿ ಓಡಿಸಿ ಬಂದು, "ಹುಲಿ ಆಗಿದೆ ಕಣೇ, ಹುಲಿ!" ಎಂದು ಕುಣಿದಾಡಿದ. ನಾನು ಹೊಲಿಗೆಯಿಂದ ತಲೆ ಎತ್ತದೆ, "ಡಿಸ್ಟ್ರಿಬ್ಯೂಟರ್ ನೋಡಿದ್ರಾ?" ಎಂದೆ.

"ಅಪ್ಪ ಹಾಕಿದ ಗೆರೆ ಅದು. ಅದಕ್ಕೆ ಕೈ ಹಚ್ಚೋಕೆ ನಾನೇನು ಹುಚ್ಚನಾ? ನೀನು ಸೀಟು ಹೊಲಿ."

ಹೊಲಿದೆ. ಇನ್ನೊಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಹೇಳಬಾರದು ಅನ್ನಿಸಿತು, ಬಾಯಿಗೆ ಬೀಗ ಹಾಕಿಕೊಂಡೆ.

ಮರುದಿನ ನಾದಿನಿಗೆ ಎಲ್ಲ ಹೇಳಿದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಯಾವ ಎಂಜಿನ್‌ಗೆ ಹಾಕಿದ? ನನ್ನದಕ್ಕಾ?"

"ಇನ್ನು ಯಾವುದಕ್ಕೆ? ಅವನ ಹತ್ರ ಇರೋದು ಅದೊಂದೇ."

"ಬೇರೆ ಕಟ್ಟಿರ್ತಾನೆ ಅಂದ್ಕೊಂಡೆ. ಒಂದು ವರ್ಷ ಇತ್ತಲ್ಲ." ತಟ್ಟೆ ಕೆಳಗಿಟ್ಟಳು. ಅವಳು ಅಳುವುದನ್ನು ಮಾವ ತೀರಿಕೊಂಡಾಗ ನೋಡಿದ್ದೆ, ಈಗ ಮತ್ತೆ ನೋಡಿದೆ. ಅದರ ಒಂದೊಂದು ಪಿಸ್ಟನ್ನನ್ನೂ ಅವಳು ಅಂಗೈಯಲ್ಲಿಟ್ಟುಕೊಂಡು ಉಜ್ಜಿ ತೂಕಕ್ಕೆ ತಂದವಳು.

"ಈಗ್ಲೂ ಸಮಯ ಇದೆ ಕಣೇ. ನಾನು ಹೇಳ್ಲಾ ಅವನಿಗೆ?"

ಅವಳು ಮುಖ ಒರೆಸಿಕೊಂಡು, "ಅವನ ಜೀವಕ್ಕೇನೂ ಆಗಲ್ಲ. ಏರಿನಲ್ಲಿ ಎಂಜಿನ್ ಸುಟ್ಟು ಕಾರು ನಿಲ್ಲುತ್ತೆ, ಅಷ್ಟೇ. ಸುಡ್ಲಿ. ಅವನ ಹೆಸರಲ್ಲಿ ಗೆಲ್ಲೋದಕ್ಕಿಂತ ಸುಟ್ಟುಹೋಗ್ಲಿ" ಅಂದಳು.

ಪಂದ್ಯದ ದಿನ ನನ್ನ ಗಂಡ ಹೊರಟ ರಭಸಕ್ಕೆ ಜನ ಶಿಳ್ಳೆ ಹೊಡೆದರು. ಮೊದಲ ತಿರುವಿನವರೆಗೆ ಅದು ನಿಜಕ್ಕೂ ಹುಲಿಯೇ. ಏರು ಶುರುವಾದದ್ದೇ ಡಬ್ಬಿಯಲ್ಲಿ ಜಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು ಕೇಳಿತು. ಹಲ್ಲು ಕಚ್ಚಿ ನಿಂತಿದ್ದ ನಾದಿನಿ ಕಣ್ಣು ಮುಚ್ಚಿದಳು. ಕಿವಿ ಮುಚ್ಚಿಕೊಳ್ಳಲಿಲ್ಲ. ಸದ್ದು ಜೋರಾಯಿತು, ಒಡೆಯಿತು, ನಿಂತಿತು. ಗುಡ್ಡದ ಮಧ್ಯದಿಂದ ನೀಲಿ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಹಗ್ಗ ಕಟ್ಟಿ ಕಾರನ್ನು ಕೆಳಗೆ ಎಳೆದು ತಂದರು.

ಕಾರುಗಳನ್ನು ತಪಾಸಣೆ ಮಾಡುವ ಶಾಮಿಯಾನದಲ್ಲಿ ಹೋದ ವರ್ಷ ನಕ್ಕವರೆಲ್ಲ ಸೇರಿದ್ದರು. ತಪಾಸಣೆಯವನು ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಣ್ಣ ದೀಪ ಇಳಿಬಿಟ್ಟು ಒಳಗೆ ನೋಡಿದ. "ಪಿಸ್ಟನ್ ತೂತು ಬಿದ್ದಿದೆ ಸ್ವಾಮಿ. ಇದನ್ನ ಯಾವ ದಡ್ಡ ಕಟ್ಟಿದ್ದು?" ಎಂದ.

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಗಂಡನ ಮುಖ ಕೆಂಪೇರಿತು. ಸುತ್ತ ನೋಡಿದ, ತಂಗಿ ಕಂಡಳು, ಕೈ ಚಾಚಿ ಬೊಬ್ಬೆ ಹಾಕಿದ.

"ಇವಳು! ಇವಳನ್ನ ಕೇಳಿ! ಒಳಗಿರೋ ಒಂದೊಂದು ಬೋಲ್ಟೂ ಇವಳೇ ಬಿಗಿ ಮಾಡಿದ್ದು! ಸಿಲಿಂಡರ್ ಕೊರೆದಿದ್ದು, ಪಿಸ್ಟನ್ ಕೂರಿಸಿದ್ದು ಎಲ್ಲ ಇವಳೇ! ನಾನು ಓಡಿಸಿದ್ದು ಬಿಟ್ರೆ ಇದರಲ್ಲಿ ನಂದೇನೂ ಇಲ್ಲ!"

"ಹೋದ ವರ್ಷ ಗೆದ್ದ ಎಂಜಿನ್ನೇ ಅಲ್ವೇನ್ರೀ ಇದು?" ತಪಾಸಣೆಯವನು ಕೇಳಿದ.

"ಹೌದ್ರೀ, ಅದೇ!" ಎಂದು ಅದೇ ರೋಷದಲ್ಲಿ ಅಂದುಬಿಟ್ಟ. ಅಂದ ಮೇಲೆ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಈಗ ಯಾರೂ ನಗಲಿಲ್ಲ.

ನಾದಿನಿ ಗುಂಪು ಬಿಡಿಸಿಕೊಂಡು ಮುಂದೆ ಬಂದಳು. ಇನ್ನೂ ಬಿಸಿಯಿದ್ದ ಎಂಜಿನ್ ಮೇಲೆ ಅಂಗೈ ಇಟ್ಟಳು, ತೆಗೆಯಲಿಲ್ಲ. ಅಗಲದ ಪೈಪನ್ನೂ ಅಪ್ಪನ ಗೆರೆಯಲ್ಲೇ ನಿಂತ ಡಿಸ್ಟ್ರಿಬ್ಯೂಟರನ್ನೂ ತಪಾಸಣೆಯವನಿಗೆ ಬೆರಳು ಮಾಡಿ ತೋರಿಸಿದಳು. ಅವನಿಗೆ ತಿಳಿಯಿತು, ತಲೆಯಾಡಿಸಿದ.

"ಕಟ್ಟಿದ್ದು ನಾನು" ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಸುಟ್ಟಿದ್ದು ಇವನು."

ನನ್ನ ಗಂಡ ನನ್ನ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದು ಹೇಳಿ, ನಾನು ನಾದಿನಿಯ ಪಕ್ಕಕ್ಕೆ ಹೋಗಿ ನಿಂತೆ.