ದೊರೆಯ ಗುಮ್ಮಟಕ್ಕೆ ಒಂದು ಲೋಟ ಕಾಫಿ

ಬೆಳಗ್ಗೆ ಏಳಕ್ಕೆ ಚಿಕ್ಕಮಗಳೂರಿನಲ್ಲಿ ಕಳಸದ ಬಸ್ಸು ಹತ್ತಿದೆ. ಹೆಗಲಲ್ಲಿ ಕ್ಯಾಮೆರಾ, ಚೀಲದಲ್ಲಿ ನಾಲ್ಕು ಚಪಾತಿ. "ಜನ ಮದುವೆ ಮನೆ ಫೋಟೋ ತೆಗೀತಾರೆ, ನೀನು ಸಮಾಧಿ ಹುಡುಕ್ಕೊಂಡು ಹೋಗ್ತೀಯ" ಎಂದು ಯಜಮಾನರು ಬಸ್ ಸ್ಟ್ಯಾಂಡಿನವರೆಗೂ ಗೊಣಗಿದರು. ಹಳೆಯ ಕಾಫಿ ಪ್ಲಾಂಟರುಗಳ ಗೋರಿಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ಗೋರಿಗಳು ಕಣ್ಣು ಮಿಟುಕಿಸುವುದಿಲ್ಲ, ಅದೊಂದು ಅನುಕೂಲ.

ಮೂಡಿಗೆರೆಯಲ್ಲಿ ಕಡುಬು ತಿಂದೆ. ಚಟ್ನಿಯ ಖಾರಕ್ಕೆ ಕಿವಿ ಬಿಸಿಯಾಯಿತು. ಕೊಟ್ಟಿಗೆಹಾರದ ಮಂಜಿನಲ್ಲಿ ಡ್ರೈವರ್ ಹಾರ್ನ್ ನಂಬಿಕೊಂಡೇ ಬಸ್ಸು ಓಡಿಸಿದ. ಕಳಸ ತಲುಪುವಾಗ ಹನ್ನೊಂದು. ಅಲ್ಲಿಂದ ಸಂಸೆ ಕಡೆಯ ಜೀಪಿನಲ್ಲಿ ಐವತ್ತು ರೂಪಾಯಿಗೆ ಅರ್ಧ ಸೀಟು ಸಿಕ್ಕಿತು.

ಎಸ್ಟೇಟ್ ಗೇಟಿನಲ್ಲಿ ಮೇಸ್ತ್ರಿ ತಿಮ್ಮಪ್ಪನವರು ಕಾಯುತ್ತಿದ್ದರು. ಕಾಫಿ ಕೊಯ್ಲು ಶುರುವಾಗುವ ದಿನ, ತೋಟ ಮಾಡಿದ ಇಂಗ್ಲಿಷ್ ದೊರೆಯ ಗೋರಿಯ ಗುಮ್ಮಟದ ಮುಂದೆ ಸಕ್ಕರೆ ಹಾಕದ ಒಂದು ಲೋಟ ಕಾಫಿ ಇಡುವುದು ಇಲ್ಲಿನ ಪದ್ಧತಿ. ನಲವತ್ತು ವರ್ಷದಿಂದ ಇಟ್ಟವರು ಇವರೇ. ಈ ಕೊಯ್ಲು ಮುಗಿದರೆ ನಿವೃತ್ತಿ, ಹಾಗಾಗಿ ಇವತ್ತಿನದು ಕೊನೆಯ ಲೋಟ. "ದೊರೆ ಜೊತೆ ನಂದೊಂದು ಫೋಟೋ ಬೇಕು ಅಮ್ಮ, ಮನೇಲಿ ಹಾಕ್ಕೊಳ್ಳೋಕೆ. ಬೇರೇನೂ ಬೇಡ" ಎಂದು ಫೋನಿನಲ್ಲೇ ಹೇಳಿದ್ದರು.

ಗುಮ್ಮಟ ನೋಡಿ ನನ್ನ ಮುಖ ಇಳಿಯಿತು. ನಾನು ಪಾಚಿ ಹಿಡಿದ ಕಲ್ಲಿಗಾಗಿ ಬಂದಿದ್ದೆ. ಅದು ಮದುಮಗನ ಹಾಗೆ ಮಿಂದು ನಿಂತಿತ್ತು.

"ಫೋಟೋಕ್ಕೆ ಅಂತ ನಿನ್ನೆ ಇಡೀ ದಿನ ತಿಕ್ಕಿಸ್ದೆ" ಎಂದರು ತಿಮ್ಮಪ್ಪನವರು. "ಇಂಗ್ಲಿಷ್ ಅಕ್ಷರ ಇದೆ ಅಂತ ಗೊತ್ತಾಗಿದ್ದೇ ಆಗ. ಏನು ಬರ್ದಿದೆ ಓದಿ."

ಓದಿದೆ. ನಂಬಲಾಗದೆ ಮತ್ತೊಮ್ಮೆ ಓದಿದೆ. ಮಳೆಯಲ್ಲೂ ಹೊಳೆಯಲ್ಲೂ ತನ್ನನ್ನು ಹೊತ್ತ ಕುದುರೆ ಇಲ್ಲಿ ಮಲಗಿದೆ ಎಂದು ದೊರೆ ಕೆತ್ತಿಸಿದ್ದ. ಸತ್ತ ಮೇಲೆ ತನ್ನನ್ನೂ ಇದರ ಕಾಲ ಬಳಿಯೇ ಹೂಳಬೇಕು ಎಂಬುದು ಕೊನೆಯ ಸಾಲು.

ಸುಳ್ಳು ಹೇಳಿಬಿಡೋಣ ಎನ್ನಿಸಿತು. ಆದರೆ ಆ ಫೋಟೋ ಅವರ ಗೋಡೆಯಲ್ಲಿ ಇರುವಷ್ಟು ಕಾಲ ನನ್ನ ಸುಳ್ಳೂ ಅಲ್ಲೇ ನೇತಾಡುತ್ತಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ.

ಲೋಟ ಹಿಡಿದ ಅವರ ಕೈ ಅಲ್ಲೇ ನಿಂತಿತು. "ಇಷ್ಟು ವರ್ಷ ಕುದುರೆಗಾ?" ಎಂದರು. ಸುತ್ತ ಒಮ್ಮೆ ನೋಡಿ, "ಹಾಗಾದ್ರೆ ದೊರೆ ಎಲ್ಲಿದಾರೆ?"

ಕಾಲ ಬಳಿ ಎಂದಿತ್ತಲ್ಲ, ಎಲ್ಲರೂ ಕೆಳಗೆ ಹುಡುಕಿದೆವು. ಹತ್ತು ಹೆಜ್ಜೆ ಕೆಳಗೆ, ಕೊಯ್ಲಿನವರು ಮಧ್ಯಾಹ್ನ ಊಟಕ್ಕೆ ಕೂರುವ ಚಪ್ಪಟೆ ಕಲ್ಲೊಂದಿತ್ತು. ಕೊಯ್ಲಿನ ಗಿರಿಜಮ್ಮ ತೆಂಗಿನ ನಾರಿನಿಂದ ಅದನ್ನು ತಿಕ್ಕಿದಳು. ದೊರೆಯ ಹೆಸರು ಎದ್ದು ಬಂತು.

"ಅಲ್ಲ ಮಾರಾಯ್ರೆ, ದೊರೆ ಎದೆ ಮೇಲೇ ಕೂತು ಬುತ್ತಿ ಬಿಚ್ತಿದ್ವಲ್ಲ" ಎಂದಳು ಗಿರಿಜಮ್ಮ. ಯಾರೂ ನಗಲಿಲ್ಲ, ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು.

ತಿಮ್ಮಪ್ಪನವರು ಕಲ್ಲಿನ ಪಕ್ಕ ಕೂತು, ಲೋಟವನ್ನು ಅದರ ಮೇಲಿಟ್ಟರು. "ಕಾಫಿ ವರ್ಷಕ್ಕೊಂದು ಸಲ. ಊಟ ಇವ್ರ ಜೊತೆ ದಿನಾ ಆಗಿದೆ. ದೊರೆ ಒಬ್ರೇ ಇರ್ಲಿಲ್ಲ ಬಿಡಿ" ಎಂದರು.

ಕೊಯ್ಲಿನವರೆಲ್ಲ ಸುತ್ತ ಕೂತು ಬುತ್ತಿ ಬಿಚ್ಚಿದರು, ನನ್ನ ಚಪಾತಿಯೂ ಹಂಚಿಹೋಯಿತು. ಆಗ ತೆಗೆದ ಫೋಟೋಕ್ಕೆ ಎರಡನೆಯ ಕ್ಲಿಕ್ ಬೇಕಾಗಲಿಲ್ಲ.

ಮೂರಕ್ಕೆ ಜೀಪು ಬಂತು. ಹತ್ತುವಾಗ ತಿರುಗಿ ನೋಡಿದರೆ ತಿಮ್ಮಪ್ಪನವರು ಇನ್ನೊಂದು ಲೋಟ ಹಿಡಿದು ಗುಮ್ಮಟದ ಕಡೆ ಹತ್ತುತ್ತಿದ್ದರು.

"ಮತ್ತೆ ಅದಕ್ಕಾ?" ಎಂದು ಕೂಗಿ ಕೇಳಿದೆ.

"ನಲವತ್ತು ವರ್ಷ ಕುಡ್ದಿದೆ ಅಮ್ಮ, ಈಗ ನಿಲ್ಸಿದ್ರೆ ಪಾಪ" ಎಂದರು. "ಕುದುರೆ ಅಂತ ಗೊತ್ತಾಯ್ತಲ್ಲ, ಈ ಸಲ ಬೆಲ್ಲ ಹಾಕಿದೀನಿ."