ಫೋನಕ್ಕನ ಕಿವಿ
ಹೃದಯದ ರಕ್ತನಾಳದ ಕಾಯಿಲೆಗೆ ಹೊಸ ಮಾತ್ರೆ ಪರೀಕ್ಷಿಸುತ್ತಿದ್ದ ಆಸ್ಪತ್ರೆಯಲ್ಲಿ ಒಬ್ಬ ನರ್ಸಿಗೆ ಎಲ್ಲರೂ ಇಟ್ಟ ಹೆಸರು ಫೋನಕ್ಕ. ಮಾತ್ರೆ ನುಂಗುವ ನಾನೂರು ಜನಕ್ಕೂ ತಿಂಗಳಿಗೊಮ್ಮೆ ಫೋನ್ ಮಾಡಿ, "ಮೆಟ್ಟಿಲು ಹತ್ತಿದ್ರೆ ಎದೆ ಹಿಡಿಯುತ್ತಾ?" ಎಂದು ವಿಚಾರಿಸುವುದು ಅವಳ ಕೆಲಸ. "ಸಿಗರೇಟು ಬಿಟ್ಟೆ ಸಿಸ್ಟರ್" ಎಂದವರಿಗೆ, "ಕಡ್ಡಿ ಗೀರಿದ್ದು ಕೇಳಿಸ್ತು" ಎನ್ನುತ್ತಾಳೆ. ಫೋನಿನಲ್ಲೇ ಕಿವಿ ಹಿಂಡುತ್ತಾಳೆಂದು ರೋಗಿಗಳು ಹೆದರುತ್ತಾರೆ. ಮೊನ್ನೆ ಒಬ್ಬ ಮುದುಕ ದರ್ಜಿ, "ಗುಂಡುಕಲ್ಲಿನ ಹಾಗಿದೀನಮ್ಮ" ಎಂದ. ಅಷ್ಟು ಚಿಕ್ಕ ಮಾತಿಗೇ ನಡುವೆ ಎರಡು ಸಲ ಉಸಿರೆಳೆದುಕೊಂಡಿದ್ದ. ಫೋನಕ್ಕ ತಡಮಾಡದೆ ಅವನ ಮನೆಗೆ ಆಂಬ್ಯುಲೆನ್ಸ್ ಓಡಿಸಿದಳು. ನೋಡಿದರೆ, ಮುಖ್ಯ ನಾಳವೇ ಮುಚ್ಚಿಹೋಗುವುದರಲ್ಲಿತ್ತು. ಸ್ಟೆಂಟ್ ಹಾಕಿಸಿಕೊಂಡು ಮಲಗಿದ್ದ ದರ್ಜಿ, "ಚೆನ್ನಾಗಿದೀನಿ ಅಂದಿದ್ನಲ್ಲ!" ಎಂದು ರೇಗಿದ. ಎರಡು ವರ್ಷ ಬರೀ ದನಿಯಾಗಿದ್ದವನ ಮುಖವನ್ನು ಮೊದಲ ಸಲ ಕಣ್ತುಂಬ ನೋಡುತ್ತಾ ಫೋನಕ್ಕ ಹೇಳಿದಳು: "ನೀವು ಅಂದ್ರಿ ತಾತ, ನಿಮ್ಮ ಉಸಿರು ಅನ್ನಲಿಲ್ಲ."